ಕಾಕಾನ ಬಸ್ಸು, ನನ್ನ ಗಂಧದ ಸಾಬೂನು

ನಮ್ಮ ಕಾಕಾನಿಗೆ, ಅಂದರೆ ನನ್ನ ಅಪ್ಪನ ತಮ್ಮನಿಗೆ, ದೇವರ ಮೇಲೆ ನಂಬಿಕೆಯಿದೆ, ಹೆಂಡತಿಯ ಮೇಲೆ ಇನ್ನೂ ಹೆಚ್ಚು ನಂಬಿಕೆಯಿದೆ. ತನ್ನ ಬಸ್ಸಿನ ಗಾಳಿಯ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ!

ಮುರುಮ ಊರಿನ ನಮ್ಮ ಮನೆ ಮುಂದೆ ನಿಲ್ಲುವ ಆ ಬಸ್ಸು ಮದುವೆಗಳಿಗೆ ಬಾಡಿಗೆಗೆ ಹೋಗುತ್ತದೆ. ಅದರ ಬ್ರೇಕು ಹಿಡಿಯುವುದು ಗಾಳಿಯ ಒತ್ತಡದಿಂದ. ಇಂಜಿನ್ ಓಡಿಸಿ ಟಾಕಿಗೆ ಗಾಳಿ ತುಂಬಿಸಬೇಕು. ಹೆಚ್ಚಾದದ್ದು ‘ಫುಸ್’ ಎಂದು ತಾನೇ ಹೊರಬೀಳುತ್ತದೆ. ಉಳಿದ ಡ್ರೈವರುಗಳು ಅಷ್ಟಕ್ಕೇ ಹೊರಟುಬಿಡುತ್ತಾರೆ. ಕಾಕಾ? ಇಂಜಿನ್ ಬಂದ್ ಮಾಡಿ, ಒತ್ತಡ ತೋರಿಸುವ ಮುಳ್ಳನ್ನೇ ದಿಟ್ಟಿಸುತ್ತ ಕೂರುತ್ತಾನೆ. ಮುಳ್ಳು ಇಳಿಯಿತೋ, ಸಾಬೂನಿನ ನೊರೆ ಹಿಡಿದು ಬಸ್ಸಿನ ಕೆಳಗೆ! ಪೈಪಿಗೆ ನೊರೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಹೀಗಾಗಿ ನಮ್ಮ ಬಚ್ಚಲಲ್ಲಿ ಸಾಬೂನು ಉಳಿದ ದಿನವುಂಟೇ?

“ಬಸ್ಸಿಗಿ ದಿನಾ ಜಳಕ, ಈತಗ ಹಬ್ಬಕ್ಕೊಮ್ಮಿ!” ಎಂದು ಅವನ ಹೆಂಡತಿ, ನಮ್ಮ ಕಾಕೂ, ಗೊಣಗುತ್ತಿದ್ದಳು.

ನನ್ನ ಮದುವೆಯ ದಿನವಾದರೂ ಸುಮ್ಮನಿರಬಾರದೇ? ಗಂಡಿನ ಊರು ಉದಗೀರ, ಮಧ್ಯಾಹ್ನಕ್ಕೆ ಮುಹೂರ್ತ. ಬಳಗವೆಲ್ಲ ಬಸ್ಸು ಹತ್ತಿ ಕೂತಿದೆ, ಮುಳ್ಳು ಇಳಿಯುತ್ತಿದೆ! ಮನೆಯ ಸಾಬೂನು ಮುಗಿದಿತ್ತು. ಕಾಕಾ ನನ್ನ ಕಿಟಕಿಗೆ ಬಂದು ಕೈಚಾಚಿದ.

“ನಿನ್ನ ಪೆಟ್ಟಿಗ್ಯಾಗ ಗಂಧದ ಸಾಬಾನ ಅದಲ್ಲವ್ವ, ಅದು ಕೊಡು.”

ಗಂಡನ ಮನೆಗೆಂದು ಆಸೆಪಟ್ಟು ಇಟ್ಟುಕೊಂಡದ್ದು! ಕೊಟ್ಟೆ. ಹಿಂದಿನ ಚಕ್ರದ ಪೈಪಿನಲ್ಲಿ ಗುಳ್ಳೆಗಳು ಬುಳುಬುಳು ಎದ್ದವು.

“ಬಸ್ ಹೋಗಲ್ಲ. ಇಳೀರಿ ಎಲ್ಲಾರೂ!”

ನನ್ನ ಸೋದರಮಾವ ಕೆಂಡವಾದ. “ಅರೆ, ಮುಹೂರ್ತ ಮೀರ್ತದಲ್ಲೋ! ಸಾವಕಾಶ ಹೊಡಿ, ಏನಾಗಲ್ಲ!”

“ಮುಹೂರ್ತ ಇನ್ನೊಂದು ಸಿಗ್ತದ್ರೀ. ಇಂಥ ಪೋರಿ ನನಗ ಇನ್ನೊಬ್ಬಾಕಿ ಎಲ್ಲಿ ಸಿಗ್ತಾಳ?”

ನೆರೆಯವರ ಜೀಪು, ಟೆಂಪೋಗಳಲ್ಲಿ ನಮ್ಮನ್ನು ಜೋಳದ ಚೀಲಗಳಂತೆ ತುಂಬಿಸಿದ.

“ನೀನೂ ಬಾ ಕಾಕಾ,” ಎಂದೆ.

“ಪೈಪ್ ಬದಲಿ ಮಾಡಿ ಬರ್ತೀನಿ. ಸಂಜಿಗಿ ಈ ಮಂದೀನ ಯಾರು ತಿರುಗಿ ತರಬೇಕು? ನೀ ನಡಿಯವ್ವ.”

ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಿಸಿದ ಕಾಕಾ ನನ್ನ ಅಕ್ಷತೆಗೇ ಇರಲಿಲ್ಲ. ಅಕ್ಷತೆ ಬೀಳುವಾಗಲೂ ಬಾಗಿಲ ಕಡೆಗೇ ನೋಡುತ್ತಿದ್ದೆ. ಊಟದ ಪಂಕ್ತಿ ಏಳುವ ಹೊತ್ತಿಗೆ ಹೊರಗೆ ‘ಫುಸ್’ ಎಂದಿತು. ಗ್ರೀಸು ಮೆತ್ತಿದ ಅಂಗಿಯಲ್ಲೇ ಓಡಿಬಂದ ಕಾಕಾ, ತಟ್ಟೆಯಲ್ಲಿ ಉಳಿದಿದ್ದ ನಾಲ್ಕು ಕಾಳು ಅಕ್ಷತೆಯನ್ನು ನನ್ನ ತಲೆಗೆ ಹಾಕಿ, ಅಂಗೈಯನ್ನು ಅಲ್ಲೇ ಇಟ್ಟ. ಆ ಕೈಯಿಂದ ನನ್ನ ಗಂಧದ ಸಾಬೂನಿನ ಪರಿಮಳ ಬರುತ್ತಿತ್ತು.

ಈಗಲೂ ತವರಿಗೆ ಹೋದಾಗಲೆಲ್ಲ ಬಚ್ಚಲಲ್ಲಿ ಒಂದು ಗಂಧದ ಸಾಬೂನು ಇಟ್ಟು ಬರುತ್ತೇನೆ. ನಾಳೆ ಆ ಬಸ್ಸಿನಲ್ಲಿ ಯಾರ ಮನೆಯ ಪೋರಿ ಕೂರುತ್ತಾಳೋ!