ಎದುರಾಳಿಯ ಬಸ್ಸಿನಲ್ಲಿ ‘ಯಾವ ಊರು’ ಎಂದು ವಿಚಾರಿಸುವುದನ್ನು ನಿರ್ಬಂಧಿಸುವ ಕುರಿತು

ಎದುರಾಳಿ ಅಭ್ಯರ್ಥಿ ಅಧ್ಯಯನ ವಿಭಾಗ
ಕನ್ನಡ ಉಪಶಾಖೆ, ಪುಣೆ
(ಮಗರಪಟ್ಟಾ ಹಿಂಬದಿ, ಝೆರಾಕ್ಸ್ ಅಂಗಡಿಯ ಮೇಲ್ಮಹಡಿ)

ಸಂಖ್ಯೆ: ಎಅಅವಿ/ಕನ್ನಡ/ಬಸ್ಸು/ಊರು/3
ದಿನಾಂಕ: ಕೋಜಾಗಿರಿ (ಶೀಗೆ) ಹುಣ್ಣಿಮೆಯ ಮರುದಿನ

ಸುತ್ತೋಲೆ

ವಿಷಯ: ವಿಧಾನಸಭಾ ಚುನಾವಣೆಯ ಎದುರಾಳಿ ಅಭ್ಯರ್ಥಿಯ ಸದನದ ದಾಖಲೆ ಹಾಗೂ ನಿಲುವುಗಳನ್ನು ಅಧ್ಯಯನ ಮಾಡುವ ಸಿಬ್ಬಂದಿಯು, ಕರ್ತವ್ಯದಲ್ಲಿರುವಾಗ ಅಪರಿಚಿತ ಕನ್ನಡಿಗರ ಊರನ್ನು ವಿಚಾರಿಸುವ ಮತ್ತು ತಮ್ಮ ಊರನ್ನು ಹೇಳಿಬಿಡುವ ಕುರಿತು.

ಉಲ್ಲೇಖ:
1. ಎದುರಾಳಿಯ ಜೇಜುರಿ ದರ್ಶನ ಬಸ್ಸಿನ ಬಗ್ಗೆ ಗುಪ್ತ ವರದಿ (ಗುಪ್ತವಾಗಿ ಉಳಿದಿಲ್ಲ).
2. ಸಹಾಯಕ ಸಂಶೋಧಕಿ ಕುಮಾರಿ ನೀಲಿಮಾ ಅವರ ಲಿಖಿತ ಸಮಜಾಯಿಷಿ.
3. ನಮ್ಮ ಅಭ್ಯರ್ಥಿಯವರ ದೂರವಾಣಿ ಕರೆ (ಯಥಾವತ್ತಾಗಿ ಬರೆದುಕೊಳ್ಳಲು ಯೋಗ್ಯವಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಪಶಾಖೆಯ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ನೀತಿಸಂಹಿತೆ ಜಾರಿಯಾಗುವುದಕ್ಕೆ ಮುಂಚಿನ ಭಾನುವಾರ ಎದುರಾಳಿ ಅಭ್ಯರ್ಥಿಯು ಕ್ಷೇತ್ರದ ಕನ್ನಡ ಮತದಾರರಿಗಾಗಿ ಜೇಜುರಿ ದೇವಸ್ಥಾನಕ್ಕೆ ಉಚಿತ ಬಸ್ಸನ್ನು ಏರ್ಪಡಿಸಿದ್ದರು. ದಾರಿಯಲ್ಲಿ ನೀಡಲಾಗುವ ಆಶ್ವಾಸನೆಗಳನ್ನು ಬರೆದುಕೊಂಡು ಬರಲು ಕುಮಾರಿ ನೀಲಿಮಾ ಅವರನ್ನು ‘ಕೇತಕಿ’ ಎಂಬ ಹೆಸರಿನಲ್ಲಿ, ಕನ್ನಡದ ಗಂಧವೇ ಇಲ್ಲದ ಮರಾಠಿ ಮತದಾರಳಂತೆ ನಿಯೋಜಿಸಲಾಗಿತ್ತು. ಕನ್ನಡಿಗರ ಬಸ್ಸಿನಲ್ಲಿ ಕನ್ನಡ ಬಾರದವಳು ಏಕೆ ಕುಳಿತಿದ್ದಾಳೆಂಬ ಪ್ರಶ್ನೆಯನ್ನು ಯೋಜನಾ ಹಂತದಲ್ಲಿ ಯಾರೂ ಎತ್ತಿರಲಿಲ್ಲ.

ಜೇಜುರಿಯ ಮೆಟ್ಟಿಲುಗಳ ಮೇಲೆ ಅರಿಶಿನದ ಭಂಡಾರ ಹಾರುತ್ತಿದ್ದಂತೆ ಸದರಿ ನೌಕರರು ಮೈಮರೆತು ‘ಏಳುಕೋಟಿ ಏಳುಕೋಟಿಗೋ’ ಎಂದು ಮನೆಯಲ್ಲಿ ಕೂಗುವಂತೆಯೇ ಕನ್ನಡದಲ್ಲಿ ಕೂಗಿರುತ್ತಾರೆ. ಗುಪ್ತಚರರನ್ನು ಪತ್ತೆಹಚ್ಚಲೆಂದು ಎದುರಾಳಿಯ ಅಧ್ಯಯನ ಕಚೇರಿಯಿಂದ ಬಂದಿದ್ದ ಶ್ರೀ ಋಷಿಕೇಶ ಎಂಬುವರು ಎರಡು ಮೆಟ್ಟಿಲು ಕೆಳಗೆ ನಿಂತಿದ್ದರು. ಅವರೇ ಆರಂಭಿಸಿದ ಮುಂದಿನ ಸಂಭಾಷಣೆಯನ್ನು ಉಲ್ಲೇಖ (2)ರಿಂದ ಯಥಾವತ್ತಾಗಿ ಉದ್ಧರಿಸಲಾಗಿದೆ:

‘ಯಾವ ಊರ್ರೀ ನಿಮ್ಮದು?’
‘ಧಾರವಾಡ್ರಿ. ನಿಮ್ಮದು?’
‘ಬೈಲಹೊಂಗಲ. ಧಾರವಾಡದಾಗ ಎಲ್ಲಿರಿ?’
‘ಮಾಳಮಡ್ಡಿ.’
‘ಅಯ್ಯ, ಮಾಳಮಡ್ಯಾಗ ನಮ್ಮ ಗೋದಾ ಮೌಶಿ ಮನಿ ಅದಲ್ರೀ! ಹಂಗಾರ ನೀವು ನಮ್ಮವರ ಆದ್ರಿ. ಇಲ್ಲಿಗ್ಯಾಕ ಬಂದೀರಿ?’
‘ನಿಮ್ಮ ಸಾಹೇಬ್ರ ಹುಳುಕು ತಗೀಲಿಕ್ಕೆ ಬಂದೇನ್ರಿ.’
‘ಬರ್ರಿ, ಕೂಡ್ರಿ. ಮೊದಲ ಅವಲಕ್ಕಿ ತಿನ್ರಿ. ಹುಳುಕು ಎಲ್ಲಿ ಓಡಿ ಹೋಗ್ತಾವ?’

ಅವಲಕ್ಕಿ ಸೇವನೆಯ ವೇಳೆ, ಪಕ್ಕದಲ್ಲಿ ಕುಳಿತಿದ್ದ ಯಾದಗಿರಿ ಕಡೆಯ ಕಟ್ಟಡ ಕಾರ್ಮಿಕರಾದ ಶ್ರೀಮತಿ ಮರೆಮ್ಮ ಅವರು ಉಭಯ ಸಂಶೋಧಕರಿಗೆ ಈ ಕೆಳಗಿನ ಪ್ರಶ್ನೆಯನ್ನು ಹಾಕಿರುತ್ತಾರೆ: ‘ಇಬ್ರೂ ಓದಿದವರಿದ್ದೀರಿ. ಶಿರೂರು ರೋಡಿನ ನಮ್ಮ ಕನ್ನಡ ಸಾಲಿ ಈ ಬ್ಯಾಸಗಿಗಿ ಮುಚ್ಚತಾರಂತ. ಮುಚ್ಚಿದ್ರ ನನ್ನ ಮಗಳು ನನ್ನ ಸಂಗಾಟ ಇಟ್ಟಂಗಿ ಹೊರ್ಲಿಕ್ಕಿ ಬರ್ಬೇಕು. ನಿಮ್ಮ ಸಾಹೇಬ್ರೊಳಗ ಯಾರರ ಮುಂಬೈದಾಗ ಎದ್ದು ನಿಂತು ಒಂದು ಮಾತು ಕೇಳ್ಯಾರೇನು?’

ಕಳೆದ ಅವಧಿಯಲ್ಲಿ ನಮ್ಮ ಅಭ್ಯರ್ಥಿಯೂ ಅದಕ್ಕೂ ಹಿಂದಿನ ಅವಧಿಯಲ್ಲಿ ಎದುರಾಳಿಯೂ ಇದೇ ಕ್ಷೇತ್ರದ ಶಾಸಕರಾಗಿದ್ದ ಕಾರಣ, ನೋಡಿ ಹೇಳುವುದಾಗಿ ಇಬ್ಬರೂ ಸಂಶೋಧಕರು ಮಾತು ಕೊಟ್ಟಿದ್ದಾರೆ. ಇಷ್ಟಕ್ಕೆ ನಿಲ್ಲದೆ, ಬಸ್ಸು ಮರಳುವಾಗ ಶ್ರೀ ಋಷಿಕೇಶ ಅವರು ‘ನಿಮ್ಮವರದು ನೀವ ಬರೀರಿ, ನಮ್ಮವರದು ನಾವ ಬರೀತೇವಿ, ಆಮ್ಯಾಲ ಬದಲಿ ಮಾಡ್ಕೊಳ್ಳೋಣು, ಸುಮ್ಮ ಯಾಕ ಇಬ್ರೂ ಅಡ್ಡಾಡೋದು’ ಎಂದು ಸೂಚಿಸಿದ್ದು, ಶ್ರಮ ಉಳಿಯುತ್ತದೆಂಬ ಸದುದ್ದೇಶದಿಂದ ಕುಮಾರಿ ನೀಲಿಮಾ ಒಪ್ಪಿರುತ್ತಾರೆ. ಅದರ ಫಲವಾಗಿ ನಮ್ಮ ಅಭ್ಯರ್ಥಿಯ ವಿರುದ್ಧ ಇದುವರೆಗೆ ಸಿದ್ಧವಾದ ಅತ್ಯಂತ ನಿಖರವಾದ ವರದಿಯು ಈ ಉಪಶಾಖೆಯಲ್ಲೇ ಸಿದ್ಧವಾಗಿ ಎದುರಾಳಿಗೆ ತಲುಪಿದೆ. ವರದಿಯಲ್ಲಿ ಒಂದೂ ತಪ್ಪಿಲ್ಲದಿರುವುದು ವಿಷಾದನೀಯ.

ಈ ಹಿನ್ನೆಲೆಯಲ್ಲಿ, ತಕ್ಷಣದಿಂದ ಜಾರಿಗೆ ಬರುವಂತೆ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಕರ್ತವ್ಯದ ವೇಳೆಯಲ್ಲಿ ಯಾವುದೇ ಸಿಬ್ಬಂದಿಯು ಯಾವುದೇ ಕನ್ನಡಿಗರನ್ನು ‘ಯಾವ ಊರು’ ಎಂದು ಕೇಳತಕ್ಕದ್ದಲ್ಲ. ‘ಯಾವ ಕಡೆಯವರು’, ‘ಮನೆಯವರು ಎಲ್ಲಿಯವರು’ ಹಾಗೂ ಹುಬ್ಬು ಏರಿಸಿ ತೋರುವ ಮೌನ ಪ್ರಶ್ನೆಗಳೂ ಇದೇ ನಿರ್ಬಂಧಕ್ಕೆ ಒಳಪಡುತ್ತವೆ.

2. ಎದುರಿನವರೇ ಕೇಳಿದಲ್ಲಿ ‘ಪುಣೆ’ ಎಂದು ಉತ್ತರಿಸುವುದು. ‘ಅದಲ್ರೀ, ಮೂಲ ಊರು?’ ಎಂದಲ್ಲಿ ‘ಮೂಲ ಪುಣೆ’ ಎನ್ನುವುದು. ಮತ್ತೂ ಕೇಳಿದಲ್ಲಿ ಬಸ್ಸಿನಿಂದ ಇಳಿಯತಕ್ಕದ್ದು. ಬಸ್ಸು ಚಲಿಸುತ್ತಿದ್ದಲ್ಲಿ ನಿದ್ರೆಯನ್ನು ನಟಿಸುವುದು. ನಿದ್ರೆಯಲ್ಲಿ ಕನ್ನಡ ಮಾತನಾಡುವ ಅಭ್ಯಾಸವುಳ್ಳವರು ಮುಂಚಿತವಾಗಿ ಲಿಖಿತವಾಗಿ ತಿಳಿಸಿರಬೇಕು.

3. ಇಷ್ಟಾಗಿಯೂ ನೆಂಟಸ್ತನ ಹೊರಬಿದ್ದಲ್ಲಿ, ಅದು ಸೋದರಮಾವನವರೆಗಿನದಾಗಿದ್ದರೆ ಮೇಲಧಿಕಾರಿಗಳಿಗೆ ವರದಿ ಮಾಡುವುದು. ಬಿಡಿಸಿ ಹೇಳಲು ಚಿತ್ರ ಬರೆಯಬೇಕಾಗುವಷ್ಟು ದೂರದ್ದಾಗಿದ್ದರೆ ನಿರ್ಲಕ್ಷಿಸುವುದು. ಮೇಲ್ಕಂಡ ಗೋದಾ ಮೌಶಿಯವರು ಕೆಳಗೆ ಸಹಿ ಮಾಡಿದವರ ಧರ್ಮಪತ್ನಿಯ ಚಿಕ್ಕಮ್ಮನೂ ಆಗಿರುವುದು ವಿಚಾರಣೆಯ ವೇಳೆ ಕಂಡುಬಂದಿದ್ದು, ಅವರ ಮಟ್ಟಿಗೆ ಈ ಷರತ್ತನ್ನು ಸಡಿಲಿಸಲಾಗಿದೆ.

4. ಎದುರಾಳಿಯ ಅವಲಕ್ಕಿಯನ್ನು ಸಾಕ್ಷ್ಯವೆಂದು ಪರಿಗಣಿಸಲಾಗುವುದು. ಅದನ್ನು ತಿನ್ನುವಂತಿಲ್ಲ. ಶೇಂಗಾ ಆರಿಸಿಕೊಳ್ಳುವುದಕ್ಕೂ ಇದು ಅನ್ವಯಿಸುತ್ತದೆ.

5. ನಿಲುವುಗಳ ವರ್ಗೀಕರಣ: ಎದುರಾಳಿಯು ಕಾಲುವೆ ನೀರಿನ ಬಗ್ಗೆ ಶಿರೂರಿನಲ್ಲಿ ಒಂದು, ಮಗರಪಟ್ಟಾದಲ್ಲಿ ಇನ್ನೊಂದು ಮಾತಾಡಿದ್ದರೆ ಅದನ್ನು ‘ದ್ವಂದ್ವ ನಿಲುವು’ ಎಂದು ನಮೂದಿಸುವುದು. ನಮ್ಮ ಅಭ್ಯರ್ಥಿಯವರು ಹಾಗೆ ಮಾತಾಡಿದ್ದರೆ ‘ಸ್ಥಳೀಯ ಕಾಳಜಿ’ ಎನ್ನುವುದು. ಇಬ್ಬರೂ ಒಂದೇ ದಿನ, ಒಂದೇ ವೇದಿಕೆಯಲ್ಲಿ, ಕ್ರೇನಿನಿಂದ ಇಳಿಸಿದ ಒಂದೇ ಹಾರದೊಳಗೆ ನಿಂತು ಪಕ್ಷ ಬದಲಿಸಿದ ಛಾಯಾಚಿತ್ರವನ್ನು ಬಳಸುವಾಗ ನಮ್ಮವರು ನಿಂತಿರುವ ಹಾರದ ಬಲಭಾಗವನ್ನು ಕತ್ತರಿಸತಕ್ಕದ್ದು. ಎದುರಾಳಿಯ ಕಚೇರಿಯು ಎಡಭಾಗವನ್ನು ಕತ್ತರಿಸಲಿದೆ. ಹಾರಕ್ಕೆ ಸಂಬಂಧಿಸಿದಂತೆ ಯಾವುದೇ ತಕರಾರಿಲ್ಲ.

6. ನಮ್ಮ ಅಭ್ಯರ್ಥಿಯ ಬಗ್ಗೆ ಸತ್ಯ ಸಂಗತಿ ತಿಳಿದುಬಂದಲ್ಲಿ ಗಾಬರಿಯಾಗದೆ ಅದನ್ನು ಇದ್ದಲ್ಲಿಯೇ ಬಿಟ್ಟು ಹಿಂದಿರುಗುವುದು.

7. ಶ್ರೀಮತಿ ಮರೆಮ್ಮ ಅವರು ಕೇಳಿದ ಶಾಲೆಯ ವಿಷಯ: ಈ ಬಗ್ಗೆ ಎದುರಾಳಿಯ ಮೌನವನ್ನು ‘ನಿರ್ಲಕ್ಷ್ಯ’ವೆಂದೂ ನಮ್ಮವರ ಮೌನವನ್ನು ‘ಆಳವಾದ ಚಿಂತನೆ’ಯೆಂದೂ ಕರೆಯಬಹುದಿತ್ತು. ಆದರೆ ಇಬ್ಬರೂ ಸಂಶೋಧಕರು ತಂತಮ್ಮ ವರದಿಗಳಲ್ಲಿ ಈ ಅಂಕಣದ ಎದುರು ಒಂದೇ ರೀತಿಯಲ್ಲಿ ‘ಒಂದು ಮಾತೂ ಕೇಳಿಲ್ಲ’ ಎಂದು ಬರೆದಿರುವುದರಿಂದ ಆ ದಾರಿ ಮುಚ್ಚಿದೆ. ನಾವು ಅವರದನ್ನು ಬಯಲು ಮಾಡಿದರೆ ಅವರು ನಮ್ಮದನ್ನು ಬಯಲು ಮಾಡುವರು. ಆದ್ದರಿಂದ ಸದರಿ ಶಾಲೆಯು ಅಸ್ತಿತ್ವದಲ್ಲಿಲ್ಲವೆಂದು ಮತದಾನದವರೆಗೆ ಭಾವಿಸಲು ನಿರ್ಧರಿಸಲಾಗಿದೆ. ಎದುರಾಳಿಯ ಕಚೇರಿಯೂ ಇದೇ ನಿರ್ಧಾರಕ್ಕೆ ಬಂದಿರುವುದಾಗಿ ಶ್ರೀ ಋಷಿಕೇಶ ತಿಳಿಸಿದ್ದಾರೆ. ಈ ಕ್ಷೇತ್ರದಲ್ಲಿ ಉಭಯ ಪಕ್ಷಗಳು ಪೂರ್ಣ ಒಮ್ಮತಕ್ಕೆ ಬಂದಿರುವ ಏಕೈಕ ನೀತಿ ಇದಾಗಿದೆ.

8. ಕೊಟ್ಟ ಮಾತಿನ ಪ್ರಕಾರ ಮರೆಮ್ಮ ಅವರಿಗೆ ‘ವಿಷಯವು ಪರಿಶೀಲನೆಯಲ್ಲಿದೆ’ ಎಂದು ಮೌಖಿಕವಾಗಿ ತಿಳಿಸಲು ಕುಮಾರಿ ನೀಲಿಮಾ ಅವರನ್ನು ನಿಯೋಜಿಸಲಾಗಿದೆ. ಕಡತದಲ್ಲಿದ್ದುದನ್ನು ಇದ್ದ ಹಾಗೆ ಹೇಳುವ ತಮ್ಮ ಹಳೆಯ ಅಭ್ಯಾಸವನ್ನು ಅವರು ಆ ಹೊತ್ತಿಗಾದರೂ ನಿಯಂತ್ರಿಸಿಕೊಳ್ಳಬೇಕೆಂದು ಈ ಮೂಲಕ ಎಚ್ಚರಿಸಲಾಗಿದೆ.

ಈ ಸೂಚನೆಗಳನ್ನು ಉಲ್ಲಂಘಿಸಿದವರನ್ನು ಎದುರಾಳಿಯ ಕಚೇರಿಗೆ ವರ್ಗಾಯಿಸಲಾಗುವುದು. ಅಲ್ಲಿಯೂ ಇವೇ ಸೂಚನೆಗಳು ಜಾರಿಯಲ್ಲಿರುತ್ತವೆ.

ಸಹಿ/-
(ಬಿಂದುಮಾಧವ)
ಉಪಶಾಖಾ ಮುಖ್ಯಸ್ಥರು
ಮೂಲ: ಪುಣೆ

ಪ್ರತಿಗಳು:

1. ನಮ್ಮ ಅಭ್ಯರ್ಥಿಯವರ ಆಪ್ತ ಸಹಾಯಕರಿಗೆ: ಸಾಹೇಬರು ಶಾಂತರಾಗಿರುವಾಗ ಓದಿ ಹೇಳಲು.
2. ಕೆಳಗಿನ ಝೆರಾಕ್ಸ್ ಅಂಗಡಿಗೆ: ಓದದೆ ಪ್ರತಿ ತೆಗೆಯಲು.
3. ಎದುರಾಳಿಯ ಅಧ್ಯಯನ ಕಚೇರಿಗೆ: ಈ ಸುತ್ತೋಲೆಯ ಕರಡನ್ನು ತಿದ್ದಿಕೊಟ್ಟವರು ಅವರೇ ಆದ್ದರಿಂದ ಪ್ರತಿ ಅಗತ್ಯವಿಲ್ಲ.
4. ಗೋದಾ ಮೌಶಿ, ಮಾಳಮಡ್ಡಿ, ಧಾರವಾಡ: ಮಾಹಿತಿಗಾಗಿ. (ನಮಗಿಂತ ಮುಂಚೆಯೇ ತಿಳಿದಿದೆ.)
5. ಶ್ರೀಮತಿ ಮರೆಮ್ಮ, ಶಿರೂರು ರಸ್ತೆ: ಸಹಿಯಾಗುವ ಮುನ್ನವೇ ಕುಮಾರಿ ನೀಲಿಮಾ ಮತ್ತು ಶ್ರೀ ಋಷಿಕೇಶ ಕರಡಿನೊಂದಿಗೆ ಒಟ್ಟಿಗೆ ಹೋಗಿ, ಷರತ್ತು 8ನ್ನು ಮೀರಿ, ಷರತ್ತು 7ನ್ನು ಪೂರ್ತಿಯಾಗಿ ಓದಿ ಹೇಳಿರುತ್ತಾರೆ. ಸದರಿಯವರ ಪ್ರತಿಕ್ರಿಯೆಯನ್ನು ಕಡತಕ್ಕಾಗಿ ಇಲ್ಲಿ ದಾಖಲಿಸಲಾಗಿದೆ: ‘ಹಂಗಾರ ಇಬ್ರೂ ಸಾಹೇಬ್ರು ಸಾಲಿ ಕಣ್ಣಲೆ ನೋಡೇ ಇಲ್ಲನ್ರಿ. ದೇವರ ನೋಡ್ಲಿಕ್ಕ ನೀವು ನಮಗ ಬಸ್ಸ ಮಾಡಿದ್ರಿ, ಸಾಲಿ ನೋಡ್ಲಿಕ್ಕ ನಾವು ಅವರಿಗಿ ಟೆಂಪೊ ಮಾಡ್ತೀವಿ. ಯಾರು ಬರಂಗಿಲ್ಲೋ ಅವರ ಹೆಸರು ನಮ್ಮ ಕಾಲೊನಿ ಮಂದಿಗೆಲ್ಲಾ ನಾನ ಹೇಳ್ತೀನಿ. ಅವಲಕ್ಕಿನೂ ನಮ್ಮದ.’

ಸದರಿ ಟೆಂಪೊ ಈಗ ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದು, ಹಾರ್ನ್ ನಿಲ್ಲಿಸುತ್ತಿಲ್ಲ. ಎದುರಾಳಿ ಅಭ್ಯರ್ಥಿಯು ಆಗಲೇ ಹತ್ತಿ ಕುಳಿತಿರುವುದಾಗಿ ತಿಳಿದುಬಂದಿದೆ. ನಮ್ಮ ಅಭ್ಯರ್ಥಿಯವರು ಚಪ್ಪಲಿ ಹುಡುಕುತ್ತಿದ್ದಾರೆ.