ಬಂಡೂರಾಯರ ಒನ್-ಏಟೀನ್

ತಮ್ಮ ಕಾರನ್ನು ಕ್ರೇನು ಹಚ್ಚಿ ಎತ್ತಿಸಿಬಿಡಬೇಕೆಂಬ ಠರಾವಿಗೆ ಬಂಡೂರಾಯರು ಸ್ವತಃ ಕೈ ಎತ್ತಿ ಅನುಮೋದನೆ ಕೊಟ್ಟರು. ಎತ್ತುವಾಗ ಅವರ ಮುಖದಲ್ಲಿ ಯಾವ ವಿಕಾರವೂ ಕಾಣಲಿಲ್ಲ. ಎತ್ತದೆ ಇರುವ ಹಾಗೂ ಇರಲಿಲ್ಲ. ಠರಾವು ಮಂಡಿಸಿದವರು ಗೋವಾದ ವಾಸ್ಕೋ ಊರಿನ ಸಡಾ ಗುಡ್ಡದ ಓಣಿ ಸುಧಾರಣಾ ಮಂಡಳದ ಅಧ್ಯಕ್ಷೆ ಮೃಣಾಲಿನಿಬಾಯಿ, ಅಂದರೆ ರಾಯರ ಧರ್ಮಪತ್ನಿ. ಆ ಕಾರು ತನ್ನ ಗಂಡನದೇ ಎಂಬ ಸಂಗತಿ ಸದರಿ ಅಧ್ಯಕ್ಷೆಯವರಿಗೆ ಗೊತ್ತಿರಲಿಲ್ಲ.

ರಾಯರು ಧಾರವಾಡದವರು. ವಾಸ್ಕೋದ ಒಂದು ಹಡಗು ಏಜೆನ್ಸಿಯಲ್ಲಿ ಗುಮಾಸ್ತರಾಗಿ ಸೇರಿ, ಈಗ ಹಿರಿಯ ಗುಮಾಸ್ತರಾಗಿದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ, ಗೋವಾದಲ್ಲಿದ್ದೂ ಸಮುದ್ರದ ನೀರಿಗೆ ಮೊಣಕಾಲಿನ ಮೇಲೆ ಹೋದವರಲ್ಲ. ಇದ್ದದ್ದು ಒಂದೇ ಚಟ. ಯಾರೂ ತಿರುಗಿ ನೋಡದ ಹಳೆಯ ಕಾರು ಕಂಡರೆ ಅವರ ಕರುಳು ಚುರ್ ಎನ್ನುತ್ತಿತ್ತು.

ಹಳೆಯ ಕಾರನ್ನು ಪ್ರೀತಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರೆಲ್ಲ ಅಂಬಾಸಡರಿನ ಹಿಂದೆ, ಪದ್ಮಿನಿಯ ಹಿಂದೆ. ಅಂಬಾಸಡರಿಗೆ ಸರಕಾರದ ಕೆಂಪು ದೀಪದ ಗತ್ತು, ಪದ್ಮಿನಿಗೆ ಮುಂಬೈ ಟ್ಯಾಕ್ಸಿಯ ಖ್ಯಾತಿ, ಮಾರುತಿ ಎಂಟುನೂರು ಅಂದರಂತೂ ದೇಶವೇ ಕಣ್ಣೊರೆಸಿಕೊಳ್ಳುತ್ತದೆ. ಪಾಪ, ಪ್ರೀಮಿಯರ್ ಒನ್-ಏಟೀನ್ ಎನ್‌ಇ ಎಂಬ ಸಭ್ಯ ಗೃಹಸ್ಥನಂಥ ಕಾರಿಗೆ ಯಾರಿದ್ದಾರೆ? ಮೈ ಇಟಲಿಯದು, ಎಂಜಿನ್ ಜಪಾನಿನದು, ಹುಟ್ಟಿದ್ದು ಮುಂಬೈಯಲ್ಲಿ. ಇಷ್ಟು ದೊಡ್ಡ ವಂಶಾವಳಿ ಇದ್ದೂ, ಅಂಥದೊಂದು ಗಾಡಿ ರಸ್ತೆಯ ಮೇಲೆ ಓಡಾಡಿತ್ತು ಎಂಬುದೇ ಮಂದಿಗೆ ಮರೆತುಹೋಗಿದೆ. ರಾಯರಿಗೆ ಇದು ಘೋರ ಅನ್ಯಾಯವೆನಿಸುತ್ತಿತ್ತು.

ಹೀಗಿರುವಾಗ ಚಿಖಲಿಯ ಸೊಕೊರ್ ಅಂಕಲ್ ಕಣ್ಣು ಮಂಜಾಗಿ ಗಾಡಿ ಮಾರುವವರಿದ್ದಾರೆಂದು ಸುದ್ದಿ ಬಂತು. ಅವರ ಅಂಗಳದಲ್ಲಿ ಹಾಲಿನ ಬಣ್ಣದ ಒನ್-ಏಟೀನ್ ನಿಂತಿತ್ತು. ರಾಯರು ಅದರ ಬಾನೆಟ್ಟಿನ ಮೇಲೆ ಕೈಯಾಡಿಸಿದ ರೀತಿ ನೋಡಿ ಮುದುಕರಿಗೆ ಬೇರೆ ಗಿರಾಕಿ ಬೇಡವಾದ. "ಬರೆಂ ಸಾಂಬಾಳ್, ಬಂಡು," ಅಂದರು, ಚೆನ್ನಾಗಿ ನೋಡಿಕೋ ಎಂದು. ಅಳಿಯನಿಗೆ ಮಗಳ ಕೈ ಒಪ್ಪಿಸಿದ ಹಾಗೆ ಕೀಲಿ ಒಪ್ಪಿಸಿದರು.

ಬಂಡಿಯೇನೋ ಬಂಡುವಿನದಾಯಿತು. ಇಡುವುದೆಲ್ಲಿ? ಮನೆಗೆ ಒಯ್ಯುವ ಮಾತೇ ಇರಲಿಲ್ಲ. ಹಿಂದೊಮ್ಮೆ ಅವರು ಮ್ಹಾಪಸಾದ ಸಂತೆಯಿಂದ ಹಳೆಯ ರೇಡಿಯೋ ತಂದಾಗ ಅದರೊಳಗಿಂದ ಯಾವ ಸ್ಟೇಷನ್ನೂ ಬಂದಿರಲಿಲ್ಲ, ಜಿರಳೆ ಮಾತ್ರ ಬಂದಿದ್ದವು. ಅವತ್ತೇ ಮೃಣಾಲಿನಿಬಾಯಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: "ಇನ್ನ ಮ್ಯಾಲೆ ಒಂದು ಹಳೇ ಸಾಮಾನೂ ಈ ಹೊಸ್ತಿಲಾ ದಾಟಬಾರದು. ಮನ್ಯಾಗ ಹಳೇದು ಅಂತ ನೀವೊಬ್ಬರು ಇದ್ದೀರಿ, ಅಷ್ಟ ಸಾಕು."

ಆದ್ದರಿಂದ ರಾಯರು ಕಾರನ್ನು ಓಣಿಯ ಮೇಲಿನ ತುದಿಯಲ್ಲಿ, ನೀರಿನ ಟಾಕಿಯ ತಿರುವಿನಲ್ಲಿ ನಿಲ್ಲಿಸಿದರು. ಅಲ್ಲಿ ಆಗಲೇ ಚಕ್ರವಿಲ್ಲದ ಒಂದು ಟೆಂಪೋವೂ ಬೋರಲು ಬಿದ್ದ ಒಂದು ದೋಣಿಯೂ ಇದ್ದವು. ಅವೆರಡರ ನಡುವೆ ಒನ್-ಏಟೀನು ಅನಾಥವಾಗಿ, ಯಾರ ಕಣ್ಣಿಗೂ ಬೀಳದೆ ಒಗ್ಗಿಹೋಯಿತು. ಹೊರಗಿನ ಧೂಳನ್ನು ರಾಯರು ಬೇಕೆಂದೇ ಒರೆಸುತ್ತಿರಲಿಲ್ಲ, ಅದೇ ಅದರ ಬುರ್ಖಾ. ಒಳಗೆ ಮಾತ್ರ ಬೇರೆ ಲೋಕ. ದಿನಾ ಬೆಳಿಗ್ಗೆ ವಾಕಿಂಗಿಗೆಂದು ಹೊರಟವರು ಟಾಕಿಯ ತನಕ ನಡೆದು, ಹಿಂದೆ ಮುಂದೆ ನೋಡಿ, ಒಳಗೆ ಸೇರಿಕೊಂಡು ಸೀಟು ಒರೆಸುವರು, ಗಾಜಿಗೆ ಉಗಿ ಹಿಡಿಯುವ ತನಕ ಎಂಜಿನ್ನಿನ ಗುಣುಗುಣು ಕೇಳುತ್ತ ಕೂಡುವರು. ಡ್ಯಾಶ್‌ಬೋರ್ಡು ಬಣಬಣ ಅನ್ನಿಸಿತೆಂದು ಒಂದು ದಿನ ಮನೆಯ ಟೀವಿಯ ಮೇಲಿದ್ದ ಕ್ರೋಶಾ ಕಸೂತಿಯ ಹೊದಿಕೆಯನ್ನೂ ತಂದು ಹಾಸಿದರು. ಅದರಲ್ಲಿ ಎರಡು ಹಸಿರು ಗಿಳಿಗಳಿದ್ದವು.

"ದಿನಾ ಇಷ್ಟು ನಡೀತೀರಿ, ಹೊಟ್ಟಿ ಮಾತ್ರ ಅಲ್ಲೇ ಅದ ಅಲ್ಲರೀ?" ಅಂತ ಮೃಣಾಲಿನಿಬಾಯಿ ಕೇಳಿದರೆ, "ಏರಿ ಹತ್ತೋದರಿಂದ ಅದು ಗಟ್ಟಿ ಆಗಲಿಕ್ಕತ್ತದ," ಎನ್ನುವರು.

ಜೂನಿನಲ್ಲಿ ಸಾಲೆ ಸುರುವಾದವು, ಮಳೆಯೂ ಸುರುವಾಯಿತು. ಆ ತಿರುವಿನಲ್ಲಿ ಜಾಗವಿಲ್ಲದ ಕಾರಣ ಸಾಲೆಯ ಬಸ್ಸು ಮೇಲೆ ಬಂದು ತಿರುಗುವಂತಿರಲಿಲ್ಲ; ಗುಡ್ಡದ ಬುಡದಲ್ಲೇ ನಿಲ್ಲುತ್ತಿತ್ತು. ಸಣ್ಣ ಸಣ್ಣ ಹುಡುಗರು ಪಾಟೀಚೀಲ ಹೊತ್ತು ತೊಯ್ಸಿಕೊಳ್ಳುತ್ತ ಏರಿ ಹತ್ತುವುದನ್ನು ಮೃಣಾಲಿನಿಬಾಯಿಗೆ ನೋಡಲಾಗಲಿಲ್ಲ. ಅವರೂ ಸಾಲೆಯಲ್ಲಿ ಕಲಿಸುವ ಬಾಯಾರೇ. ಮಂಡಳದ ಸಭೆ ಕರೆದರು, ಠರಾವು ಮಾಡಿದರು, ಮುನಸಿಪಾಲ್ಟಿಗೆ ಹೋಗಿ ಕ್ರೇನು ಕೇಳಿ ಬಂದರು.

"ಆ ಬಿಳೇ ಕಾರಿನ ಮಾಲಕ ಯಾರಂತ ನಿಮಗೇನರ ಗೊತ್ತದೇನ್ರೀ? ದಿನಾ ಆ ಕಡೆನ ಹೋಗ್ತೀರಿ," ಅಂತ ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದರು.

"ಯಾವನೋ ಹೊಣಿಗೇಡಿ ಇರಬೇಕು," ಅಂದರು ರಾಯರು, ಸಾರನ್ನೇ ನೋಡುತ್ತ.

"ಹೊಣಿಗೇಡಿ ಅಂದ್ರ ಸಣ್ಣ ಮಾತಾತು."

"ಮೂರ್ಖ," ಅಂದರು ರಾಯರು.

"ಹಾಂ, ಈಗ ಸರಿ ಆತು." ಬಾಯಾರು ಸಂತೋಷದಿಂದ ಇನ್ನೊಂದು ಹುಟ್ಟು ಸಾರು ಬಡಿಸಿದರು.

ರಾಯರಿಗೆ ನಿದ್ದೆ ಹತ್ತಲಿಲ್ಲ. ಹುಡುಗರ ವಿಷಯದಲ್ಲಿ ಹೆಂಡತಿಯ ಮಾತು ಖರೇ ಇತ್ತು, ಅದೇ ಸಂಕಟ. ಕಾರನ್ನು ಸರಿಸಬೇಕು ನಿಜ, ಆದರೆ ಸರಿಸಲು ಇನ್ನೊಂದು ಜಾಗ ಸಿಗುವ ತನಕ ಕ್ರೇನನ್ನು ತಡೆಯಬೇಕಲ್ಲ? ಮರುದಿನ ವಾಕಿಂಗಿನಿಂದ ಬಂದವರು ಚಪ್ಪಲಿ ಬಿಡುತ್ತ, ಹವಾ ಹೇಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು: "ಆ ಬಿಳೇ ಗಾಡಿ ಒಳಗ ನಾಗರಹಾವು ಸೇರಿಕೊಂಡದ. ಕಣ್ಣಾರೆ ನೋಡಿದೆ."

ಹಾವು ಬಿಟ್ಟವರು ರಾಯರು, ಬೆಳೆಸಿದ್ದು ಓಣಿ. ಮನೆಗೆಲಸದ ಹುಲಿಗೆವ್ವನ ಬಾಯಲ್ಲಿ ಅದು ಮಾರುದ್ದ ಇತ್ತು. ತರಕಾರಿ ಮಾರುವ ಗಂಗೀಬಾಯಿಯ ಬುಟ್ಟಿಯ ಹತ್ತಿರ ಬರುವಷ್ಟರಲ್ಲಿ ಎರಡು ಮಾರಾಗಿ, ಹೆಡೆಯ ಮೇಲೆ ಹರಳೂ ಬಂದಿತ್ತು. ಕ್ರೇನಿನವ, "ಹಾವು ಹೋಗೂತನಕ ನಾ ಗಾಡಿ ಮುಟ್ಟಂಗಿಲ್ರಿ," ಅಂದುಬಿಟ್ಟ. ರಾಯರು ಮನಸ್ಸಿನಲ್ಲೇ ತಮ್ಮ ಬೆನ್ನು ತಟ್ಟಿಕೊಂಡರು.

ಅಷ್ಟರಲ್ಲಿ ನಾಗಪಂಚಮಿ ಬಂತು.

ಹಾವಿನ ಹುತ್ತ ಹುಡುಕಿಕೊಂಡು ಪ್ರತಿವರ್ಷ ಗುಡ್ಡ ಸುತ್ತುತ್ತಿದ್ದ ಸಡಾದ ಹೆಣ್ಣುಮಕ್ಕಳಿಗೆ ಈ ಸಲ ಹುತ್ತ ಓಣಿಯಲ್ಲೇ, ಅದೂ ನಾಲ್ಕು ಬಾಗಿಲಿನದು, ಸಿಕ್ಕಿತ್ತು. ಬೆಳಿಗ್ಗೆ ರಾಯರು ಹೋಗಿ ನೋಡಿದರೆ ಒನ್-ಏಟೀನಿನ ಬಾನೆಟ್ಟಿನ ಮೇಲೆ ಹಾಲು, ತಂಬಿಟ್ಟು, ಅರಳು. ಹೆಡ್‌ಲೈಟುಗಳಿಗೆ ಅರಿಶಿನ, ಕುಂಕುಮ. ಗಂಗೀಬಾಯಿ ವೈಪರಿಗೆ ಹಂಗನೂಲು ಸುತ್ತುತ್ತಿದ್ದಳು. "ರಾಯರ, ನೀವೂ ಒಂದೀಟು ಹಾಲು ಎರೀರಿ. ಮೊದಲ ಕಂಡವರು ನೀವ ಅಲ್ರಿ," ಅಂದಳು.

ಹಾಲಿನ ಬಣ್ಣದ ಆ ಪೇಂಟಿಗೆ ಅರಿಶಿನ ಹರಿದರೆ ಕಲೆ ಹೋಗುವುದಿಲ್ಲ. ಅದು ಗೊತ್ತಿದ್ದೂ ರಾಯರು ತಮ್ಮ ಕೈಯಾರೆ, ಕಣ್ಣು ಮುಚ್ಚಿ ಹಾಲೆರೆದರು. ಅವರ ಕಣ್ಣಲ್ಲಿ ನೀರು ಕಂಡು ಗಂಗೀಬಾಯಿ, ಇಷ್ಟು ಭಕ್ತಿಯ ಗಂಡಸನ್ನು ತಾನು ನೋಡಿಯೇ ಇಲ್ಲವೆಂದು ಓಣಿಯೆಲ್ಲ ಹೇಳಿಕೊಂಡು ಬಂದಳು.

ಪಂಚಮಿ ಮುಗಿಯಿತು. ನಾಗಪ್ಪನಿಗೆ ಮಾಡುವ ಮರ್ಯಾದೆ ಮಾಡಿಯಾಯಿತು, ಇನ್ನು ಅವನು ಬೇರೆ ಮನೆ ನೋಡಿಕೊಳ್ಳಲಿ ಎಂದು ಮೃಣಾಲಿನಿಬಾಯಿ ಹಾವು ಹಿಡಿಯುವ ಪರ್ವೇಜನನ್ನು ಕರೆಸಿದರು. ಹಿಂದೆಯೇ ಕ್ರೇನೂ ಬಂದು ನಿಂತಿತು. ಓಣಿಗೆ ಓಣಿಯೇ ಛತ್ರಿ ಹಿಡಿದು ಕೂಡಿತು. ರಾಯರು ಆಫೀಸಿಗೆ ರಜೆ ಹಾಕಿ, ಗುಂಪಿನ ಹಿಂದೆ, ಹೆಣದ ಮನೆಗೆ ಬಂದವರ ಹಾಗೆ ನಿಂತಿದ್ದರು.

ಪರ್ವೇಜ ಕೋಲು ಹಿಡಿದು ಮೆಲ್ಲಗೆ ಹತ್ತಿರ ಹೋದ. ಅಂಗೈಯಿಂದ ಗಾಜು ಒರೆಸಿದ. ಒಳಗೆ ಇಣುಕಿ ಬಹಳ ಹೊತ್ತು ನೋಡಿದ.

"ಬಾಯಾರ, ಇದರಾಗ ಹಾವಿಲ್ರಿ. ಮದಲಗಿತ್ತಿ ಖೋಲಿ ಇದ್ದಂಗ ಐತಿ."

"ಏನಂದಿ?"

"ಗಾದಿ ಏನು, ಲೋಡು ಏನು, ಊದಬತ್ತಿ ಏನು! ಮುಂದ ಎರಡು ಗಿಳಿ ಕುಂತಾವ ನೋಡ್ರಿ, ಹಸರನೂವು."

ಗಿಳಿ ಅಂದದ್ದೇ ತಡ, ಹುಲಿಗೆವ್ವ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. ಆ ಕ್ರೋಶಾ ಹೊದಿಕೆ ಕಳೆದಾಗಿನಿಂದ ಮೃಣಾಲಿನಿಬಾಯಿ ಅವಳನ್ನು ಕಣ್ಣ ಓರೆಯಲ್ಲಿ ನೋಡುತ್ತಿದ್ದರು, ಎರಡು ಸಲ ಬಾಯಿಬಿಟ್ಟೂ ಕೇಳಿದ್ದರು. ಹುಲಿಗೆವ್ವ ಗಾಜಿಗೆ ಮೂಗು ಹಚ್ಚಿ ನೋಡಿ, ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ನೋಡ್ರಿ ಬಾಯಾರ! ನಿಮ್ಮ ಗಿಳಿ ಇಲ್ಲಿ ಅದಾವು! ನನ್ನ ಗುಡಿಸಿಲಾಗ ಹುಡುಕತಿದ್ರೆಲ್ಲ?"

ಮೃಣಾಲಿನಿಬಾಯಿ ಗಾಜಿನೊಳಗೆ ನೋಡಿದರು. ಆಮೇಲೆ ನಿಧಾನಕ್ಕೆ ತಲೆಯೆತ್ತಿ ಗುಂಪನ್ನು ನೋಡಿದರು. ಗುಂಪು ತಾನಾಗಿ ಎರಡು ಭಾಗವಾಗಿ, ನಟ್ಟನಡುವೆ ರಾಯರು ಒಬ್ಬರೇ ಉಳಿದರು.

"ಮೃಣಾಲ, ಅದು ನಂದು," ಅಂದರು ರಾಯರು.

"ಗಿಳಿ ನಂದರೀ!"

"ಗಿಳಿ ನಿಂದು. ಗಾಡಿ ನಂದು."

ಮೊದಲು ಮೃಣಾಲಿನಿಬಾಯಿ ಹುಲಿಗೆವ್ವನ ಕಡೆ ತಿರುಗಿ, "ತಪ್ಪಾತವ್ವಾ, ನನ್ನ ಮನ್ಯಾಗಿನ ಕಳ್ಳ ನನಗ ತಿಳೀಲಿಲ್ಲ," ಅಂದರು. ಆಮೇಲೆ ಕ್ರೇನಿನವನ ಕಡೆ ತಿರುಗಿ, "ಅಧ್ಯಕ್ಷರ ಗಂಡಂದು ಅಂತ ಬಿಡಬ್ಯಾಡಪಾ. ಎತ್ತು," ಅಂದರು.

ಕ್ರೇನಿನವನಿಗೇ ಕನಿಕರ ಬಂತು. "ಬಿಟ್ಟು ಹೋದ ಗಾಡಿ ಅಷ್ಟ ಎತ್ತಾಕ ಹೇಳ್ಯಾರ್ರಿ. ಚಾಲೂ ಆಗಿ ತಾನ ಹೊಂಟರ ನಮಗೇನಿಲ್ಲ."

ರಾಯರು ಅಂಗಿಯ ಗುಂಡಿ ಬಿಚ್ಚಿ ಜನಿವಾರ ಎಳೆದರು. ಅದರ ತುದಿಗೆ ಕೀಲಿ ಜೋತಾಡುತ್ತಿತ್ತು.

"ಅದು ಆಫೀಸಿನ ಕಪಾಟಿಂದು ಅಂದಿದ್ರಿ," ಅಂದರು ಬಾಯಾರು.

ರಾಯರು ಗಾಡಿಯೊಳಗೆ ಸೇರಿಕೊಂಡರು. ಜನಿವಾರ ಕೊರಳಲ್ಲೇ ಇದ್ದುದರಿಂದ ಸ್ಟಿಯರಿಂಗಿಗೆ ನಮಸ್ಕಾರ ಮಾಡುವ ಭಂಗಿಯಲ್ಲಿ ಬಗ್ಗಿ ಕೀಲಿ ತಿರುವಬೇಕಾಯಿತು. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು. ಜಪಾನಿನ ಎಂಜಿನ್ನು ಸಡಾ ಗುಡ್ಡದಲ್ಲಿ ಅವತ್ತು ಹಾಡಿದ ಹಾಗೆ ಎಂದೂ ಹಾಡಿರಲಿಲ್ಲ. ಓಣಿಯ ಜನ ಚಪ್ಪಾಳೆ ತಟ್ಟಿದರು. ಪರ್ವೇಜ ಸೀಟಿ ಹೊಡೆದ.

ಮೃಣಾಲಿನಿಬಾಯಿ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು, ಗಂಡ ಮತ್ತೆಲ್ಲಿಯಾದರೂ ಇದನ್ನು ಮುಚ್ಚಿಡಬಾರದೆಂದು. ಕೂತವರು ಬೆನ್ನನ್ನು ಸೀಟಿಗೆ ಆನಿಸಿದರು. ಅವರಿಗೆ ಬೆನ್ನುನೋವು ಬಹಳ ದಿನದ್ದು. ಈಗಿನ ಕಾರುಗಳಲ್ಲಿ ಬುಟ್ಟಿಯಲ್ಲಿ ಬಿದ್ದ ಹಾಗೆ ಬೀಳಬೇಕು. ಇದರಲ್ಲಿ ಅಡ್ಡಪಲ್ಲಕ್ಕಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂಡಬಹುದಿತ್ತು. ಗಾಜು ದೊಡ್ಡದು, ಗುಡ್ಡದ ಕೆಳಗಿನ ಬಂದರವೆಲ್ಲ ಕಾಣುತ್ತಿತ್ತು. "ಬಾಯಾರ, ನಿಮಗ ಈ ಗಾಡಿ ಭಾರೀ ಒಪ್ಪತೈತಿ ನೋಡ್ರಿ!" ಅಂತ ಗಂಗೀಬಾಯಿ ಕೂಗಿದಳು. ಅಧ್ಯಕ್ಷೆಯವರು ಸೆರಗು ಸರಿಮಾಡಿಕೊಂಡು ಓಣಿಗೆಲ್ಲ ಕೈ ಬೀಸಿದರು.

ಟೆಂಪೋ, ದೋಣಿಗಳನ್ನು ಕ್ರೇನು ಎತ್ತಿಕೊಂಡು ಹೋಯಿತು. ಮರುದಿನದಿಂದ ಸಾಲೆಯ ಬಸ್ಸು ಗುಡ್ಡ ಹತ್ತಿ ಬಂದು ತಿರುವಿನಲ್ಲಿ ಸರಾಗ ತಿರುಗಿತು. ಒನ್-ಏಟೀನು ರಾಯರ ಅಂಗಳಕ್ಕೆ ಬಂತು. ಕಾಗದಪತ್ರದ ಮಾತು ಬಂದಾಗ ಬಾಯಾರು, "ನನ್ನ ಹೆಸರಿಗೆ ಮಾಡ್ರಿ. ನಿಮ್ಮ ಹೆಸರಿಗೆ ಇದ್ರ ಮತ್ತ ಹಾವು ಬಿಡ್ತೀರಿ," ಅಂದರು. ರಾಯರು ಬಚಾವಾದೆ ಎಂದುಕೊಂಡರು. ಆಗಿರಲಿಲ್ಲ. ಹದಿನೈದು ದಿವಸದಲ್ಲಿ ಬಾಯಾರು ಸಾಲೆಗೆ ಅದರಲ್ಲೇ, ಸಂತೆಗೆ ಅದರಲ್ಲೇ. ಅರಿಶಿನದ ಕಲೆ ಒರೆಸಲು ಹೋದ ರಾಯರಿಗೆ, "ಇರಲಿ ಬಿಡ್ರಿ, ಮಂಗಳಕರ," ಅಂದರು. ಒಂದು ಶುಕ್ರವಾರ ಮ್ಹಾಪಸಾದ ಸಂತೆಯಲ್ಲಿ ನಿಯಾಜ ಎಂಬವ ಬೆಂಡೆಕಾಯಿ ಆರಿಸುವುದನ್ನು ಬಿಟ್ಟು ಈ ಕಾರಿನ ಸುತ್ತ ಪ್ರದಕ್ಷಿಣೆ ಹಾಕತೊಡಗಿದ. ಮರೆತ ಗಾಡಿಗಳ ಅಭಿಮಾನಿ ಬಳಗಕ್ಕೆ ಅವನೇ ಮುಖಂಡ. ಇಂಥ ಬಳಗವೊಂದಿದೆ ಎಂದು ಗೊತ್ತಿದ್ದರೂ ಗುಟ್ಟು ಬಯಲಾದೀತೆಂದು ಸೇರದೇ ಇದ್ದವರು ರಾಯರು. ಮೃಣಾಲಿನಿಬಾಯಿ ನಿಂತ ನಿಲುವಿನಲ್ಲೇ ಸದಸ್ಯೆಯಾದರು.

ಬಳಗದ ವಾರ್ಷಿಕ ಮೇಳ ಮ್ಹಾಪಸಾದಲ್ಲೇ ನಡೆಯಿತು. ಮುಂದಿನ ಸೀಟಿನಲ್ಲಿ ಮೊಸರನ್ನದ ಡಬ್ಬಿ, ನೀರಿನ ಕ್ಯಾನು ಇದ್ದುದರಿಂದ ಬಾಯಾರು ಹಿಂದೆ ಕೂತಿದ್ದರು. ಹಿಂದಿನ ಬಾಗಿಲು ಒಳಗಿನಿಂದ ತೆರೆಯುವಾಗ ಸ್ವಲ್ಪ ಬಿಗಿ, ವಯಸ್ಸಾಗಿತ್ತಲ್ಲ. ಹಾಗಾಗಿ ರಾಯರು ಇಳಿದು ಓಡಿಹೋಗಿ ಬಾಗಿಲು ತೆಗೆದರು. ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಅಂಗಿ ಹಾಕಿಕೊಂಡಿದ್ದರು, ಹಬ್ಬವೆಂದು.

ನಿಯಾಜ ಹಾರ ಹಾಕಿ ಬಾಯಾರನ್ನು ವೇದಿಕೆಗೆ ಕರೆದುಕೊಂಡು ಹೋದ. ಮೈಕಿನಲ್ಲಿ ಅವರು, ಈ ಗಾಡಿಯ ಸೀಟು ಮನುಷ್ಯರ ಬೆನ್ನೆಲುಬಿನ ಬಗ್ಗೆ ಎಷ್ಟು ವಿಚಾರ ಮಾಡಿದೆ ಎಂದು ವಿವರಿಸತೊಡಗಿದರು. ರಾಯರೂ ಒಳಗೆ ಹೋಗಬೇಕೆಂದರೆ, ಸಭಾಂಗಣದ ಬಾಗಿಲಲ್ಲಿದ್ದ ಸ್ವಯಂಸೇವಕ ಬಹಳ ವಿನಯದಿಂದ ಅವರ ತೋಳು ಹಿಡಿದ. "ಡ್ರೈವರ್‌ಗಳ ಊಟ ಹಿಂದ ಐತ್ರಿ, ಮಾವಿನ ಗಿಡದ ಕೆಳಗ."

ರಾಯರು ಬಾಯಿ ತೆಗೆದರು. ಒಳಗಿನಿಂದ ದೊಡ್ಡ ಚಪ್ಪಾಳೆ ಬಂತು. ಬಾಯಿ ಮುಚ್ಚಿ ಹಿಂದೆ ಹೋದರು.

ಊಟ ಚಲೋ ಇತ್ತು. ಎರಡನೇ ಸಲ ಬಡಿಸಿಕೊಳ್ಳುವಾಗ ಪಕ್ಕದ ಎಲೆಯ ಲಾಡಸಾಬ ಎಂಬ ಡ್ರೈವರ ಕೇಳಿದ, "ನೀವು ಆ ಸಡಾದ ಬಾಯಾರ ಕಡೆಯವರಲ್ರಿ? ಪಗಾರ ಬರೋಬರಿ ಕೊಡತಾರ?"

ರಾಯರು ತುತ್ತು ನುಂಗಿದರು. "ಪಗಾರ ಇಲ್ಲ. ಊಟ, ವಸ್ತಿ ಅದ."

"ಅಯ್ಯ! ರಜಾ?"

"ಇಲ್ಲ."

"ಭಾಳ ವರ್ಷ ಆತೇನ್ರಿ ಸೇರಿ?"

"ಇಪ್ಪತ್ತೈದರ ಮ್ಯಾಲೆ ಆತು."

ಲಾಡಸಾಬನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. ಅವನು ಅತ್ತಿತ್ತ ನೋಡಿ, ಬಗ್ಗಿ, ದನಿ ಇಳಿಸಿ ಹೇಳಿದ: "ಬಿಟ್ಟು ಬರ್ರಿ ಯಜಮಾನ್ರ. ನಮ್ಮ ಸಾಹೇಬರ ಕಡೆ ಒಂದು ಜಾಗಾ ಖಾಲಿ ಐತಿ. ಭಾಳ ಒಳ್ಳೇ ಮನಷ್ಯಾ."

ರಾಯರು ವಿಚಾರ ಮಾಡಿದರು. ನಿಜವಾಗಿಯೂ ಒಂದು ಗಳಿಗೆ ವಿಚಾರ ಮಾಡಿದರು.

"ಗಾಡಿ ಯಾವುದು ನಿಮ್ಮ ಸಾಹೇಬರದು?" ಅಂತ ಕೇಳಿದರು.

"ಹೊಚ್ಚ ಹೊಸಾದು ಐತ್ರಿ. ಗೇರು ಸುದ್ದಾ ತಾನ ಹಾಕ್ಕೊಂತೈತಿ."

"ಹಂಗಾದ್ರ ಬ್ಯಾಡ," ಅಂದು ರಾಯರು ಕೈ ತೊಳೆಯಲು ಎದ್ದರು.