ಒಂಟಿ ಸೀನು

ಮರಿ ಟ್ರ್ಯಾಕ್ಟರು ಸೀನಿದ್ದು ಒಂದೇ ಒಂದು ಸಲ. ಇನ್ನೊಂದು ಸಲ ಸೀನಿ ಜೋಡಿ ಮಾಡಿದ್ದರೆ ಬಾಲಪ್ಪನ ಪಾಡಿಗೆ ಬಾಲಪ್ಪ ಹುಲ್ಲು ಕತ್ತರಿಸಿಕೊಂಡು ಮನೆಗೆ ಹೋಗುತ್ತಿದ್ದ, ನಮಗೂ ಈ ಕತೆ ಸಿಗುತ್ತಿರಲಿಲ್ಲ.

ಶಹಾಪುರದಿಂದ ದೋರನಹಳ್ಳಿಗೆ ಹೋಗುವ ದಾರಿಯಲ್ಲಿ, ಕಾಲುವೆ ತೋಡುವ ಕಾಲಕ್ಕೆ ಎದ್ದ ಕ್ಯಾಂಪೊಂದು ಕಾಲುವೆಗೆ ನೀರು ಬಂದ ಮೇಲೂ ಹಾಗೇ ಉಳಿದುಕೊಂಡಿತ್ತು. ಒಂದು ಆಫೀಸು, ಒಂದಿಷ್ಟು ಕ್ವಾರ್ಟರ್ಸು, ದೊಡ್ಡ ಸಾಹೇಬರು ಬಂದರೆ ಇಳಿದುಕೊಳ್ಳಲು ಒಂದು ಬಂಗಲೆ. ಬಂಗಲೆಯ ಮುಂದೆ ಹುಲ್ಲಿನ ಅಂಗಳ. ದನಕ್ಕೆ ಹಾಕಲಿಕ್ಕಲ್ಲ, ಮಾರಲಿಕ್ಕಲ್ಲ, ಬರೀ ನೋಡಲಿಕ್ಕೆ ಸರಕಾರದವರು ಹುಲ್ಲು ಬೆಳೆಸುತ್ತಾರೆ ಅನ್ನುವುದು ಸುತ್ತಲಿನ ಊರಿನವರಿಗೆ ಇವತ್ತಿಗೂ ಅರ್ಥವಾಗದ ಮಾತು. ಆ ಹುಲ್ಲು ಕತ್ತರಿಸಲು ಒಂದು ಕೆಂಪು ಯಂತ್ರ ಬಂದಿತ್ತು. ಮೇಲೆ ಕುಳಿತು ಓಡಿಸಬೇಕು. ಕೆಳಗೆ ಹೊಟ್ಟೆಯಲ್ಲಿ ಅಲಗು ತಿರುಗುತ್ತದೆ. ಕ್ಯಾಂಪಿನವರು ಅದಕ್ಕೆ ಮರಿ ಟ್ರ್ಯಾಕ್ಟರ್ ಎಂದು ಹೆಸರಿಟ್ಟಿದ್ದರು. ಅದರ ಡ್ರೈವರೇ ನಮ್ಮ ಬಾಲಪ್ಪ.

ಯಂತ್ರ ಬರುವ ಮೊದಲು ಆ ಹುಲ್ಲನ್ನು ಕ್ಯಾಂಪಿನ ಹೆಂಗಸರು ಕುಡುಗೋಲಿನಿಂದ ಕೊಯ್ದು ತಮ್ಮ ಎಮ್ಮೆಗಳಿಗೆ ಒಯ್ಯುತ್ತಿದ್ದರು. ಕಾಲುವೆಯ ನೀರಿಗೆ ಪಾಳಿ ಇದ್ದ ಹಾಗೆ ಹುಲ್ಲಿಗೂ ಪಾಳಿ ಇತ್ತು. ಇವತ್ತು ಇವರದು, ನಾಳೆ ಅವರದು, ಜಗಳವಿಲ್ಲ. ಯಂತ್ರ ಬಂದದ್ದೇ ಹುಲ್ಲೆಲ್ಲ ಪುಡಿಪುಡಿ. ಪೆಟ್ರೋಲ್ ವಾಸನೆಯ ಆ ಪುಡಿಯನ್ನು ಎಮ್ಮೆಗಳು ಒಮ್ಮೆ ಮೂಸಿ ಮುಖ ತಿರುಗಿಸಿದವು. ಅವತ್ತಿನಿಂದ ಹೆಂಗಸರೂ ಬಾಲಪ್ಪನನ್ನು ಕಂಡರೆ ಮುಖ ತಿರುಗಿಸುವುದನ್ನು ರೂಢಿ ಮಾಡಿಕೊಂಡಿದ್ದರು.

ಅದಿರಲಿ. ಆ ದಿನ ಬೆಳಿಗ್ಗೆ ಓವರ್ಸಿಯರ್ ಗುರಪ್ಪನವರು ಬಂಗಲೆಯ ಕಟ್ಟೆಯ ಮೇಲೆ ನಿಂತು ಬಾಲಪ್ಪನನ್ನು ಕರೆಸಿದರು.

"ಸಂಜಿಕ ದೊಡ್ಡ ಸಾಹೇಬ್ರು ಬರಾಕತ್ತಾರ. ನೀ ಹೆಂಡ್ತಿ ಕರಕೊಂಡು ಸೈದಾಪುರಕ್ಕ ಹೋಗಿ ಬರೂದ್ರಾಗ ಹುಲ್ಲು ಮೊಣಕಾಲಿಗೆ ಬಂದದ. ಸಂಜಿ ಅನ್ನೂದ್ರಾಗ ಕತ್ತರಿಸಿ ಚಾಪಿ ಹಾಸಿದಂಗ ಮಾಡಬೇಕು."

"ಆಗ್ತದ್ರಿ ಸಾಹೇಬ್ರ."

"ಆಗಲಿಲ್ಲಂದ್ರ ಮೊದಲಿಗೇ ಹೇಳಿಬಿಡ್ತೀನಿ. ಬೋನಾಳದ ಆಚಿ ತೂಬಿಗೆ ಒಬ್ಬ ಮನುಷ್ಯಾ ಬೇಕಾಗ್ಯಾನ. ಓಡದ ಮಶೀನಿಗೆ ಡ್ರೈವರ್ ಯಾಕ ಅಂತ ಸಾಹೇಬ್ರು ಕೇಳಿದ್ರ, ನಾ ನಿನ್ನ ಹೆಸರೇ ಹೇಳಬೇಕಾಗ್ತದ."

ಬೋನಾಳದ ಆಚೆಯ ತೂಬು ಎಂದರೆ ಕಾಲುವೆಯ ಬಾಲ. ಅಲ್ಲೊಂದು ತಗಡಿನ ಕೋಣೆ, ಅದರ ತುಂಬ ಸೊಳ್ಳೆ, ಹೊರಗೆ ಕೆರೆಯ ಹಕ್ಕಿಗಳ ಗದ್ದಲ. ಆ ಗದ್ದಲ ನಿಂತರೆ ನೀರು ಬರಲಿಲ್ಲವೆಂದು ರೈತರ ಗದ್ದಲ. ಹಿಂದೆ ಅಲ್ಲಿದ್ದ ದೇವಿಂದ್ರ ತಿರುಗಿ ಬಂದಾಗ ಅವನ ಅಂಗಿಯೊಳಗೆ ಇನ್ನೊಬ್ಬ ದೇವಿಂದ್ರ ಹಿಡಿಸುತ್ತಿದ್ದ. ಅದೆಲ್ಲವನ್ನೂ ಬಾಲಪ್ಪ ತಡೆದುಕೊಂಡಾನು. ಆದರೆ ಆ ಕೋಣೆಯಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಮದುವೆಯಾದಾಗಿನಿಂದ ಅವನೊಂದು ಕಡೆ, ಮೋನಮ್ಮ ಸೈದಾಪುರದ ತವರಿನಲ್ಲೊಂದು ಕಡೆ. ಕ್ವಾರ್ಟರ್ಸು ಸಿಕ್ಕಿ, ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ತಿನ್ನುವ ಭಾಗ್ಯ ಬಂದದ್ದೇ ಈ ವರ್ಷ.

ಅವನು ತಡಮಾಡಲಿಲ್ಲ. ಗಡ್ಡ ಹೆರೆದುಕೊಂಡು, ದೇವರಿಗೆ ಕೈಮುಗಿದು, ಮರಿ ಟ್ರ್ಯಾಕ್ಟರು ಹತ್ತಿ ಚಾವಿ ತಿರುವಿದ. ಬಂಗಲೆಯ ಹಿಂದಿನ ಶೆಡ್ಡಿನಿಂದ ಹೊರಟು, ಮುಂದಿನ ಅಂಗಳದ ಅಂಚಿನಲ್ಲಿ ಒಂದು ಪಟ್ಟೆ ಕತ್ತರಿಸಿ, ತಿರುಗಿ ಬರುತ್ತಿರುವಾಗ ಎಂಜಿನ್ನು ಒಮ್ಮೆ 'ಫಟ್' ಎಂದು ಸೀನಿತು. ಗಾಳಿ ಎಳೆದುಕೊಳ್ಳುವ ಮೂಗಿನಿಂದಲೇ ಹೊಗೆ ಬಿಟ್ಟಿತು. ಬಿಟ್ಟು, ಮತ್ತೆ ತನ್ನ ಪಾಡಿಗೆ ಓಡತೊಡಗಿತು.

ಬೇವಿನ ಗಿಡದ ಕೆಳಗೆ ಮರಿಲಿಂಗಪ್ಪ ಕುಳಿತಿದ್ದ. ಕಾಲುವೆ ಗೇಟು ಎತ್ತಿ ಇಳಿಸಿ ರಿಟೈರ್ ಆದ ಮುದುಕ. ಮಗನ ಹೊಲದ ಡೀಸೆಲ್ ಪಂಪಿನ ಸಹವಾಸದಿಂದ ಎಂಜಿನ್ನಿನ ವೈದ್ಯನೂ ಆಗಿದ್ದ. ಕಾಲುವೆ ಬಂದ ಮೇಲೆ ನಮ್ಮ ಕಡೆ ಪಂಪಿಲ್ಲದ ಹೊಲವಿಲ್ಲ, ವೈದ್ಯನಲ್ಲದ ಮನುಷ್ಯನೂ ಇಲ್ಲ. ಅವನು ಕೈ ಎತ್ತಿ ಬಾಲಪ್ಪನನ್ನು ತಡೆದ.

"ಒಂಟಿ ಸೀನು ಸೀನ್ಯಾದ. ಬಂದ್ ಮಾಡು. ಕುಂತು ನೀರು ಕುಡದು ಆಮ್ಯಾಲ ಹೊಂಡು."

"ಕಾಕಾ, ಅದು ಮಶೀನ್. ಅದು ಸೀನಿದ್ರೂ ಶಕುನಾ ನೋಡ್ತಾರೇನು?"

"ಯಾರ್ ಸೀನಿದ್ರೂ ಸೀನೇ. ಮದ್ಲೇ ದೊಡ್ಡ ಸಾಹೇಬ್ರು ಬರೂ ದಿನಾ. ನಿನಗ ಬೋನಾಳಕ್ಕ ಹೋಗೂ ಮನಸಿದ್ರ ಓಡಸು, ನಂದೇನ್ ಹೋಗೂದು."

ಬೋನಾಳ ಅಂದ ಮೇಲೆ ಮುಗಿಯಿತು. ಬಾಲಪ್ಪ ಟ್ರ್ಯಾಕ್ಟರನ್ನು ಶೆಡ್ಡಿಗೆ ತಂದು, ಕಾದು ಕೆಂಡವಾಗಿದ್ದ ಎಂಜಿನ್ನನ್ನು ಗಪ್ಪನೆ ನಿಲ್ಲಿಸಿ, ಕುಳಿತು, ತಂಬಿಗೆ ನೀರು ಕುಡಿದ. ಶಕುನ ಕಳೆಯಿತೆಂದು ಮರಿಲಿಂಗಪ್ಪ ಅಪ್ಪಣೆ ಕೊಟ್ಟ ಮೇಲೆ ಚಾವಿ ತಿರುವಿದ. ಎಂಜಿನ್ನು ಗರಗರ ತಿರುಗಿತು, ಹತ್ತಲಿಲ್ಲ. ಮತ್ತೆ ತಿರುವಿದ. ಕಾಳಿಲ್ಲದೆ ಬೀಸುವ ಕಲ್ಲಿನ ಹಾಗೆ ಹಗುರಾಗಿ ತಿರುಗಿತೇ ಹೊರತು ಹತ್ತಲಿಲ್ಲ.

"ನೋಡಿದ್ಯಾ, ಸೀನಿನ ಮಹಿಮಾ," ಎಂದು ಮರಿಲಿಂಗಪ್ಪ ತೃಪ್ತಿಯಿಂದ ಶೆಡ್ಡಿನೊಳಗೆ ಬಂದು ಕುಕ್ಕರಗಾಲಲ್ಲಿ ಕುಳಿತ. ಇನ್ನು ಇವನು ಏಳುವ ಆಸಾಮಿಯಲ್ಲ ಎಂದು ಬಾಲಪ್ಪನಿಗೆ ಗೊತ್ತಾಯಿತು.

ಪೆಟ್ರೋಲ್ ನೋಡಿದರು, ಇತ್ತು. ಪ್ಲಗ್ ಬಿಚ್ಚಿ ನೋಡಿದರು, ಕಿಡಿ ಚೆನ್ನಾಗಿಯೇ ಹಾರುತ್ತಿತ್ತು. ಪ್ಲಗ್ಗಿನ ತೂತಿನ ಮೇಲೆ ಮರಿಲಿಂಗಪ್ಪ ಹೆಬ್ಬೆರಳು ಒತ್ತಿ ಹಿಡಿದು, ಎಂಜಿನ್ನು ತಿರುಗಿಸಲು ಹೇಳಿದ. ಒಳಗಿನ ಗಾಳಿ ಬೆರಳನ್ನು ಎತ್ತಿ ಒಗೆಯಬೇಕು. ಬೆರಳು ಇದ್ದಲ್ಲೇ ಇತ್ತು.

"ಉಸುರೇ ಇಲ್ಲ ಇದಕ್ಕ. ವಾಲ್ವ್ ಮುಚ್ಚವಲ್ದು, ಗಾಳಿ ಹೊಂಟು ಹೋಗಾಕತ್ತದ."

ಈ ಮಾತು ಮಾತ್ರ ನಿಜವಾಗಿತ್ತು. ಮೇಲಿನ ಮುಚ್ಚಳ ಬಿಚ್ಚಿದಾಗ ಎರಡು ವಾಲ್ವ್‌ಗಳಲ್ಲಿ ಒಂದು ಒತ್ತಿದರೆ ಇಳಿದು, ಬಿಟ್ಟರೆ ಏಳುತ್ತಿತ್ತು, ಇನ್ನೊಂದು ಹೋದವನು ಹೋದಲ್ಲೇ ಕುಳಿತಂತೆ ಒಳಗೇ ಕಚ್ಚಿಕೊಂಡಿತ್ತು. ಅದನ್ನು ತಳ್ಳುವ ಕಡ್ಡಿ ಜಾರಿ ಪಕ್ಕಕ್ಕೆ ಬಿದ್ದಿತ್ತು. ಎಂಜಿನ್ನಿನ ಮೈಮೇಲೆ ಗಾಳಿಯಾಡುವ ಸಂದುಗಳಲ್ಲೆಲ್ಲ ಹುಲ್ಲಿನ ಪುಡಿ ಮೆತ್ತಿಕೊಂಡಿತ್ತು. ಗಾಳಿಯಿಲ್ಲದೆ ಕಾದ ವಾಲ್ವ್, ಮಸಿ ಹಿಡಿದು, ಹೇಗೋ ಎಳೆದುಕೊಂಡು ಓಡುತ್ತಿತ್ತು. ಸೀನು ಅಂದದ್ದೇ ಅದರ ನರಳಾಟ. ಹಾಗೇ ನಿಧಾನ ಓಡಿಸಿಕೊಂಡಿದ್ದರೆ ಇವತ್ತಿನ ಹುಲ್ಲಾದರೂ ಮುಗಿಯುತ್ತಿತ್ತೇನೋ. ಬಿಸಿ ಇದ್ದಾಗಲೇ ನಿಲ್ಲಿಸಿ ನೀರು ಕುಡಿಯುತ್ತ ಕುಳಿತದ್ದಕ್ಕೆ ಅದು ಪೂರ್ತಿ ಹಿಡಿದುಬಿಟ್ಟಿತ್ತು. ಇದನ್ನು ಮರಿಲಿಂಗಪ್ಪನಿಗೆ ಹೇಳುವ ಧೈರ್ಯ ಬಾಲಪ್ಪನಿಗೆ ಬರಲಿಲ್ಲ.

ಚಿಮಣಿ ಎಣ್ಣೆ ಹನಿಸುವುದು, ಕಟ್ಟಿಗೆಯ ಹಿಡಿಕೆಯಿಂದ ಮೆತ್ತಗೆ ಬಡಿಯುವುದು, ಕಾಯುವುದು, ಮತ್ತೆ ಹನಿಸುವುದು. ಬಿಸಿಲು ನೆತ್ತಿಗೆ ಬಂತು. ಅಷ್ಟರಲ್ಲಿ ಪಕ್ಕದ ಕ್ವಾರ್ಟರ್ಸಿನ ಅಖ್ತರಬೇಗಂ ಬಾಗಿಲಲ್ಲಿ ಇಣುಕಿದಳು. ಕ್ಯಾಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಎಮ್ಮೆ ಅವಳದು, ಎಲ್ಲಕ್ಕಿಂತ ದೊಡ್ಡ ಸಿಟ್ಟೂ ಅವಳದೇ.

"ಏನಪಾ ಬಾಲಪ್ಪ, ನಿನ್ನ ಗಾಡಿ ಮಲಗ್ಯಾದಂತ?"

"ಸಂಜಿಕ ಎಬ್ಬಸ್ತೀನಿ ಆಪಾ."

"ಸಂಜಿ ತನಾ ಏಳಂಗಿಲ್ಲ, ಪಕ್ಕಾ ಅಲಾ?"

"ಪಕ್ಕಾ," ಎಂದ ಬಾಲಪ್ಪ, ತಲೆ ಎತ್ತದೆ. ಅವಳು ಅಷ್ಟೇ ಕೇಳಿ, ಖುಷಿಯಿಂದ ಹೊರಟು ಹೋದಳು.

ಊಟದ ಹೊತ್ತಾದರೂ ಗಂಡ ಬಾರದ್ದು ನೋಡಿ ಮೋನಮ್ಮ ಬುತ್ತಿಯನ್ನು ಶೆಡ್ಡಿಗೇ ತಂದಳು. ಅವನ ಮುಖಕ್ಕೆ ಮಸಿ, ಕೈಗೆ ಎಣ್ಣೆ, ಕಣ್ಣಲ್ಲಿ ಬೋನಾಳ. ಮರಿಲಿಂಗಪ್ಪ ರೊಟ್ಟಿಗೆ ಕೈ ಚಾಚಿದ್ದನ್ನೂ ಅವಳು ನೋಡಲಿಲ್ಲ.

"ಖರೇ ಹೇಳ್ರಿ, ಇದು ಆಗ್ತದೋ ಇಲ್ಲೋ?"

"ಆಗ್ತದ. ಸಂಜಿ ಆದ್ರೂ ಆಗ್ತದ. ಆದ್ರ ಹುಲ್ಲು ಕತ್ತರಸಾಕ ಹೊತ್ತೆಲ್ಲಿ ಉಳೀತದ," ಎಂದ ಬಾಲಪ್ಪ. "ನಿನ್ನ ಮತ್ತ ಸೈದಾಪುರಕ್ಕ ಕಳಸಬೇಕಾಗ್ತದೇನೋ ಮೋನವ್ವ."

ಮೋನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕುಡುಗೋಲು ಎತ್ತಿಕೊಂಡಳು.

"ಅದ್ಯಾಕ?"

"ಕೆಲಸ ಅದ. ನೀವು ಇಲ್ಲೇ ಕೂಡ್ರಿ, ಎದ್ದು ಬರಬ್ಯಾಡ್ರಿ."

ಬಾಲಪ್ಪ ಏಳುವುದಾದರೂ ಎಲ್ಲಿಗೆ? ಅಷ್ಟರಲ್ಲಿ ಕಚ್ಚಿದ್ದ ವಾಲ್ವ್ ಒಮ್ಮೆ ಮಿಸುಕಿತು. ಇನ್ನೊಂದಿಷ್ಟು ಎಣ್ಣೆ, ಇನ್ನೊಂದಿಷ್ಟು ಬಡಿತ, ಸಡಿಲಾಯಿತು. ಮಸಿ ಒರೆಸಿ, ಕಡ್ಡಿಯನ್ನು ಸ್ವಸ್ಥಾನಕ್ಕೆ ಕೂಡಿಸಿ, ಸಂದುಗಳ ಹುಲ್ಲಿನ ಪುಡಿ ಕೆರೆದು ತೆಗೆದ. ಇನ್ನು ಉಳಿದದ್ದು ವಾಲ್ವ್‌ಗೂ ಅದನ್ನು ಒತ್ತುವ ಸನ್ನೆಗೋಲಿಗೂ ನಡುವೆ ಇಡಬೇಕಾದ ಕೂದಲೆಳೆಯಷ್ಟು ಸಂದು. ಅದನ್ನು ಅಳೆಯುವ ತೆಳು ಪಟ್ಟಿ ಶಹಾಪುರದ ಮೆಕ್ಯಾನಿಕನ ಹತ್ತಿರ ಇತ್ತು, ಶಹಾಪುರಕ್ಕೆ ಹೋಗಿ ಬರಲು ಹೊತ್ತಿರಲಿಲ್ಲ.

"ಪಟ್ಟಿ ಯಾಕ ಬೇಕು? ನಮ್ಮ ಪಂಪಿಗೆ ಕಡ್ಡಿಪೆಟ್ಟಿಗಿ ರಟ್ಟು ಇಟ್ಟು ಬಿಗೀತೀನಿ, ಗಡಿಯಾರದಂಗ ಓಡ್ತದ," ಎಂದ ಮರಿಲಿಂಗಪ್ಪ.

"ಕಾಕಾ, ಅದು ದೊಡ್ಡ ಎಂಜಿನ್..."

"ಎಂಜಿನ್ ಎಂಜಿನ್ನೇ."

ರಟ್ಟು ಇಟ್ಟು ಬಿಗಿದರು. ಎಂಜಿನ್ನು ಹತ್ತಿತು, ಟಕಟಕ ಎಂದು ಹಲ್ಲು ಕಡಿಯಿತು, ನಿಂತಿತು. ಚಹಾ ತಂದಿದ್ದ ಕ್ಯಾಂಟೀನಿನ ಅಯ್ಯಪ್ಪ ಇದನ್ನು ನೋಡಿ, ತನ್ನ ಅಳಿಯನ ಊರಲ್ಲಿ ಹೀಗೇ ಆಗಿತ್ತೆಂದೂ, ಅಲ್ಲಿ ಬೀಡಿ ಕಟ್ಟಿನ ಕಾಗದ ಇಟ್ಟರೆಂದೂ ಹೇಳಿ ಒಂದು ಕಾಗದ ಹರಿದು ಕೊಟ್ಟ. ಅದನ್ನಿಟ್ಟು ಬಿಗಿದರೆ ಸಂದೇ ಉಳಿಯದೆ ಮತ್ತೆ ಉಸಿರು ಹೋಯಿತು. ಹಾಗಾದರೆ ಲಗ್ನಪತ್ರಿಕೆ ಸರಿ ಎಂದ ಮರಿಲಿಂಗಪ್ಪ. ಯಾರ ಲಗ್ನದ್ದು ಎಂದು ಅಯ್ಯಪ್ಪ ಕೇಳಿದ. ಬಡವರ ಪತ್ರಿಕೆ ತೆಳ್ಳಗಿರುತ್ತದೆ, ಸಾಹುಕಾರರದು ದಪ್ಪ. ಇಬ್ಬರೂ ಕ್ಯಾಂಪಿನಲ್ಲಿ ಆದ ಲಗ್ನಗಳನ್ನೆಲ್ಲ ನೆನೆಸಿಕೊಳ್ಳುತ್ತ, ಯಾವ ಲಗ್ನದಲ್ಲಿ ಹುಗ್ಗಿ ಚೆನ್ನಾಗಿತ್ತು ಎಂಬಲ್ಲಿಗೆ ಬಂದು ನಿಂತರು.

ಬಾಲಪ್ಪ ಹತಾಶನಾಗಿ ಗದ್ದ ಸವರಿಕೊಂಡ. ಗದ್ದ ನುಣ್ಣಗಿತ್ತು. ತಟ್ಟನೆ ಬೆಳಗಿನ ಬ್ಲೇಡು ನೆನಪಾಯಿತು. ಶಹಾಪುರದ ಮೆಕ್ಯಾನಿಕನೂ ಪಟ್ಟಿ ಕಳೆದುಹೋದ ದಿನ ಗಡ್ಡದ ಬ್ಲೇಡನ್ನೇ ಇಡುತ್ತಿದ್ದ. ಹಿತ್ತಲ ದಾರಿಯಿಂದ ಮನೆಗೆ ಓಡಿ ಬ್ಲೇಡು ತಂದು, ಹುಗ್ಗಿಯ ಮಾತಿಗೆ ಭಂಗ ಬಾರದಂತೆ, ಸುಮ್ಮನೆ ಸಂದಿನಲ್ಲಿಟ್ಟು ಬಿಗಿದ. ಬ್ಲೇಡು ಜಾರಿ ಬಂತು, ಬಹಳ ಸಡಿಲಲ್ಲ, ಬಹಳ ಬಿಗಿಯಲ್ಲ. ಮುಚ್ಚಳ ಹಾಕಿ ಚಾವಿ ತಿರುವಿದ. ಮರಿ ಟ್ರ್ಯಾಕ್ಟರು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

"ನಾ ಹೇಳ್ದಂಗ ಮಾಡಿದಿ, ಆತು ನೋಡು," ಎಂದ ಮರಿಲಿಂಗಪ್ಪ.

ಹೊತ್ತು ಇಳಿದಿತ್ತು. ಸಾಹೇಬರು ಬರುವುದರೊಳಗೆ ಅರ್ಧವಾದರೂ ಮುಗಿದೀತು ಎಂಬ ಆಸೆಯಿಂದ ಬಾಲಪ್ಪ ಬಂಗಲೆಯ ಮೂಲೆ ತಿರುಗಿಸಿದ. ತಿರುಗಿಸಿದವನು ಹಾಗೇ ಬ್ರೇಕು ಒತ್ತಿದ.

ಅಂಗಳದಲ್ಲಿ ಹುಲ್ಲಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನುಣ್ಣಗೆ, ಒಂದೇ ಸಮ ಕೊಯ್ದಾಗಿತ್ತು. ಆಚೆ ಬೇಲಿಯ ಸಂದಿನಿಂದ ಅಖ್ತರಬೇಗಂ ತಲೆಯ ಮೇಲೆ ಹೊರೆ ಹೊತ್ತು ನಡೆದಿದ್ದಳು, ಅವಳ ಹಿಂದೆ ಹೊರೆಗಳ ಸಾಲು. ಕಡೆಯ ಹೊರೆಯ ಕೆಳಗೆ ಮೋನಮ್ಮ. ಅವಳು ತಿರುಗಿ ನೋಡಿ, ಬೆವರು ಒರೆಸಿಕೊಂಡು, ಕಣ್ಣಲ್ಲೇ ನಕ್ಕು ಮರೆಯಾದಳು. ಬಾಲಪ್ಪನಿಗೆ ಎಲ್ಲಾ ತಿಳಿಯಿತು. ಪಾಳಿ ಗೀಳಿ ಬಿಟ್ಟು ಎಲ್ಲರನ್ನೂ ಒಟ್ಟುಗೂಡಿಸಿ, ನಿಮ್ಮ ಎಮ್ಮೆಗೆ ಹುಲ್ಲು, ನನ್ನ ಗಂಡನಿಗೆ ನೌಕರಿ ಎಂದು ಒಪ್ಪಿಸಿದ್ದಳು. ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಜೀಪು ಬಂತು. ದೊಡ್ಡ ಸಾಹೇಬರು ಇಳಿದು ಅಂಗಳವನ್ನು ನೋಡಿದರು, ಗುರುಗುಡುವ ಟ್ರ್ಯಾಕ್ಟರನ್ನು ನೋಡಿದರು, ಅದರ ಮೇಲೆ ಮಸಿ ಮುಖದಲ್ಲಿ ಕುಳಿತಿದ್ದ ಬಾಲಪ್ಪನನ್ನೂ ನೋಡಿದರು.

"ಎಷ್ಟು ನೀಟಾಗಿದೆ. ಯಾವಾಗ ಕತ್ತರಿಸಿದ್ದು?"

"ಇವತ್ತೇ ಸರ್. ಒಂದೇ ದಿನದಾಗ. ಎಲ್ಲಾ ಮಶೀನಿಂದೇ," ಎಂದರು ಗುರಪ್ಪನವರು, ಎದೆಯುಬ್ಬಿಸಿ.

ಸಾಹೇಬರು ತಲೆದೂಗಿದರು. "ಇಂಥ ಮಶೀನು, ಇಂಥ ಕೆಲಸಗಾರ, ಇಬ್ಬರನ್ನೂ ಈ ಒಂದು ಅಂಗಳಕ್ಕೆ ಕಟ್ಟಿಹಾಕಿದ್ದೀರಲ್ಲ. ಬೋನಾಳದ ಆಚೆ ಕಾಲುವೆ ದಂಡೆಯ ಮೇಲೆ ಆಳೆತ್ತರ ಹುಲ್ಲು ಬೆಳೆದು ನಡೆಯಲಿಕ್ಕೆ ದಾರಿಯಿಲ್ಲ ಅಂತ ರೈತರು ದಿನಾ ನನ್ನ ತಲೆ ತಿನ್ನುತ್ತಾರೆ. ನಾಳೆಯೇ ಇವನನ್ನು ಮಶೀನಿನ ಜೊತೆ ಅಲ್ಲಿಗೆ ಕಳಿಸಿ. ತೂಬಿನ ಕೋಣೆ ಖಾಲಿ ಇದೆಯಲ್ಲ, ಅಲ್ಲೇ ಇರಲಿ."

ಬಾಲಪ್ಪ ಬಾಯಿ ತೆರೆದ. ಹುಲ್ಲು ಕೊಯ್ದದ್ದು ನಾನಲ್ಲ, ಹೆಂಗಸರು ಎನ್ನಬೇಕೆಂದು ಮಾತು ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಮಶೀನು ಇಡೀ ದಿನ ಕೆಟ್ಟಿತ್ತು ಎಂದಾಗುತ್ತದೆ. ಕೆಟ್ಟ ಮಶೀನಿಗೆ ಡ್ರೈವರ್ ಯಾಕೆ ಎಂದಾಗುತ್ತದೆ. ಖರೆ ಹೇಳಿದರೂ ಬೋನಾಳ, ಸುಳ್ಳು ಹೇಳಿದರೂ ಬೋನಾಳ. ಅವನು ಬಾಯಿ ಮುಚ್ಚಿಕೊಂಡ.

ಮನೆಗೆ ಹೋದಾಗ ಮೋನಮ್ಮ ಹಿತ್ತಲಲ್ಲಿ ಅಖ್ತರಬೇಗಂಳ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅಂಗೈ ಬೊಬ್ಬೆ ಎದ್ದಿತ್ತು, ಮುಖ ಮಾತ್ರ ಹಬ್ಬದ ದಿನದಂತಿತ್ತು.

"ಏನಂದ್ರು ಸಾಹೇಬ್ರು?"

"ಭಾಳ ಛಲೋ ಆಗ್ಯಾದ ಅಂದ್ರು."

"ನೋಡಿದ್ರೇನು? ಇನ್ನ ನಿಮ್ಮನ್ನ ಯಾರೂ ಎಲ್ಲಿಗೂ ಕಳಸಂಗಿಲ್ಲ."

ಬಾಲಪ್ಪ ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತ. ಅವಳ ಅಂಗೈಯನ್ನು ಹಿಡಿದು, ಸ್ವಲ್ಪ ಹೊತ್ತು ಬೊಬ್ಬೆಗಳನ್ನೇ ನೋಡಿದ.

"ನಾಳಿಗಿ ರೊಟ್ಟಿ ಒಂದೀಟು ಹೆಚ್ಚಿಗಿ ಮಾಡು," ಎಂದ. "ಕಟಕ ರೊಟ್ಟಿ. ಭಾಳ ದಿನ ತಡೀಬೇಕು."

ಮೋನಮ್ಮನ ಕೈ ಅವನ ಕೈಯಲ್ಲೇ ನಿಂತಿತು. ಎಮ್ಮೆ ಪೆಟ್ರೋಲಿನ ವಾಸನೆಯಿಲ್ಲದ ಹುಲ್ಲನ್ನು ನಿಧಾನವಾಗಿ ಮೆಲ್ಲುತ್ತ ನಿಂತಿತ್ತು. ನಾಳೆ ಮಶೀನು ಹೋದ ಮೇಲೆ ಅದಕ್ಕೆ ದಿನಾ ಇದೇ ಹುಲ್ಲು.